ಕಾಯಿ ಹೆಚ್ಚು ಕಟ್ಟಿದ ಮೂರು ಸಾಲು

ನವೆಂಬರ್ ಆರು, ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಟೊಮೇಟೊ ಬೀಜದ ನೆಟ್ ಹೌಸಿನ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ, ನನ್ನ ನೋಟ್‌ಬುಕ್ಕಿನಲ್ಲಿ ಅವ್ವ ನೋಡಿಕೊಳ್ಳುವ ಗಿಡದ ಸಾಲುಗಳ ಮುಂದೆ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಅದಕ್ಕೆ ನಾಲ್ಕು ದಿನ ಮೊದಲು ಅದೇ ಸಾಲುಗಳ ಮುಂದೆ ನಕ್ಷತ್ರ ಬರೆದಿದ್ದೆ. ನಕ್ಷತ್ರ ಹೇಗೆ ಪ್ರಶ್ನೆಯಾಯಿತು, ಆಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ರಾಣೇಬೆನ್ನೂರಿನಿಂದ ಐರಣಿಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಈ ಕಡೆ ಕಂಪನಿಗಳಿಗೆ ತರಕಾರಿ ಬೀಜ ಬೆಳೆದುಕೊಡುವುದು ಬಹಳ ವರ್ಷಗಳಿಂದ ನಡೆದಿದೆ. ಹೊಲ, ನೀರು, ಬಲೆ ಹೊದಿಸಿದ ನೆಟ್ ಹೌಸ್ ಇದ್ದವರು ಬೆಳೆಯುತ್ತಾರೆ. ಹೂವಿನ ಕೆಲಸ ನಮ್ಮದು. ಎರಡು ಜಾತಿಯ ಟೊಮೇಟೊ ಗಿಡ ಇರುತ್ತವೆ. ಒಂದರ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸಬೇಕು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಸಂಜೆ ಹೊತ್ತು ನಾಳೆ ಅರಳಲಿರುವ ಮೊಗ್ಗನ್ನು ಹುಡುಕಿ, ಚಿಮಟದಿಂದ ಅದರ ನಡುವಿನ ಹಳದಿ ಕೊಳವೆಯನ್ನು, ಅಂದರೆ ಗಂಡು ಭಾಗವನ್ನು, ಕಿತ್ತು ತೆಗೆಯುತ್ತೇವೆ. ಒಳಗೆ ದಾರದಷ್ಟು ತೆಳುವಾದ ಹಸಿರು ಎಳೆ ಉಳಿಯಬೇಕು. ಅದು ಮುರಿದರೆ ಹೂವು ಹೋಯಿತು. ಮರುದಿನ ಬೆಳಿಗ್ಗೆ ಬೆರಳಿಗೆ ಹಾಕಿಕೊಂಡ ಉಂಗುರದ ಬಟ್ಟಲಿನಲ್ಲಿ ಇನ್ನೊಂದು ಗಿಡದ ಪುಡಿ ತುಂಬಿಕೊಂಡು, ಆ ಎಳೆಯ ತುದಿಯನ್ನು ಅದರಲ್ಲಿ ಅದ್ದುತ್ತೇವೆ. ಹೂವಿನ ಬುಡದ ಐದು ಹಸಿರು ಎಸಳುಗಳಲ್ಲಿ ಎರಡನ್ನು ಚಿವುಟುತ್ತೇವೆ. ಎಸಳು ಚಿವುಟಿದ್ದರೆ ಅದು ಕ್ರಾಸಿಂಗ್ ಕಾಯಿ ಎಂದು ಗುರುತು. ಮೊಗ್ಗು ಒಂದು ದಿನ ಹೆಚ್ಚು ಬಲಿತಿದ್ದರೆ ಅದರ ಸ್ವಂತ ಪುಡಿ ಒಳಗೇ ಉದುರಿ ಕಾಯಿ ಕಟ್ಟುತ್ತದೆ. ಅದು ಸೆಲ್ಫ್. ಆ ಬೀಜ ಕಂಪನಿಗೆ ಬೇಡ.

ನಾನು ರಾಣೇಬೆನ್ನೂರಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನ ಮೊದಲು ಎರಡು ತಾಸು, ಕಾಲೇಜು ಮುಗಿಸಿ ಬಂದು ಎರಡು ತಾಸು ಗುಂಪಿನ ಜೊತೆ ಇರುತ್ತಿದ್ದೆ. ನನಗೆ ಸ್ವಂತ ಸಾಲು ಇರಲಿಲ್ಲ. ಹಾಜರಿ ಬರೆಯುವುದು, ಯಾರಾದರೂ ಬರದಿದ್ದರೆ ಅವರ ಸಾಲಿಗೆ ಹೋಗುವುದು ನನ್ನ ಕೆಲಸ. ಗುಂಪಿನಲ್ಲಿ ಮುಂದಾಳನ್ನು ಬಿಟ್ಟು ಹದಿನಾಲ್ಕು ಹೆಂಗಸರು. ನಮ್ಮ ಕೇರಿಯವರು ಎಂಟು, ತಾಂಡಾದವರು ನಾಲ್ಕು, ಬೇಡರ ಓಣಿಯವರು ಎರಡು. ಸ್ವಂತ ಹೊಲ ಇದ್ದವರು ಮೂವರು, ಮೂವರದನ್ನೂ ಸೇರಿಸಿದರೆ ಎರಡು ಎಕರೆ ಆಗುವುದಿಲ್ಲ. ಹತ್ತನೆಯವರೆಗೆ ಓದಿದವರು ಇಬ್ಬರು, ಇಬ್ಬರೂ ಹೊಸದಾಗಿ ಬಂದ ಸೊಸೆಯಂದಿರು. ಹೊಲದಲ್ಲಿ ಹೆಂಗಸರಿಗೆ ಮರೆ ಎಂದರೆ ಮೆಕ್ಕೆಜೋಳದ ಬೆಳೆ, ಅದೂ ಕೊಯ್ಲಾಗುವವರೆಗೆ. ಹಾಗಾಗಿ ಬೆಳಿಗ್ಗೆ ನೀರು ಕುಡಿಯದೆ ಹೊರಡುವವರು ಹದಿನಾಲ್ಕಕ್ಕೆ ಹದಿನಾಲ್ಕು. ವಯಸ್ಸನ್ನೂ ಬರೆದುಕೊಂಡಿದ್ದೆ. ಅವ್ವನಿಗೆ ನಲವತ್ತಮೂರು. ಅವಳನ್ನು ಬಿಟ್ಟರೆ ಸಾಲು ಹಿಡಿದವರೆಲ್ಲ ಮೂವತ್ತಾರರ ಒಳಗಿನವರು. ಬರೆದುಕೊಂಡಿದ್ದೆ ಅಷ್ಟೇ, ಅದರ ಬಗ್ಗೆ ಯೋಚಿಸಿರಲಿಲ್ಲ.

ಅವ್ವನಿಗೆ ಈ ಕೆಲಸ ಬಿಟ್ಟರೆ ಇದ್ದದ್ದು ಬ್ಯಾಡಗಿ. ನಾನು ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಿದ್ದಳು. ಬೆಳಿಗ್ಗೆ ಟೆಂಪೋದಲ್ಲಿ ನಿಂತುಕೊಂಡು ಮೋಟೆಬೆನ್ನೂರಿನ ಮೇಲೆ ಹಾಯ್ದು ಹೋಗುವುದು, ಸಂಜೆ ಹಾಗೆಯೇ ಬರುವುದು. ಬಂದ ಮೇಲೆ ಕೈಗೆ ಮಜ್ಜಿಗೆ ಹಚ್ಚಿಕೊಂಡು ಕುಳಿತಿರುತ್ತಿದ್ದಳು. ರಾತ್ರಿ ತಮ್ಮನನ್ನು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಅವನಿಗೆ ಉರಿ. ಎರಡನೆಯ ವರ್ಷ ಕೆಮ್ಮು ಹತ್ತಿತು. ಅದು ಇನ್ನೂ ಪೂರ್ತಿ ಹೋಗಿಲ್ಲ. ಆ ಘಾಟಿಗೆ ಮತ್ತೆ ಹೋಗಬೇಡ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಕುಮಾರಪಟ್ಟಣದ ಕಡೆ ಲಾರಿಗೆ ನೀಲಗಿರಿ ಕಟ್ಟಿಗೆ ಹೇರುವವನು, ಲಾರಿ ಬಂದ ದಿನ ಕೆಲಸ. ಕ್ರಾಸಿಂಗ್ ಗುಂಪಿನಲ್ಲಿ ಒಂದು ಸ್ಥಾನ ಸಿಕ್ಕರೆ ಬೀಜ ತೆಗೆಯುವವರೆಗೆ ಐದು ತಿಂಗಳು ಊರಲ್ಲೇ ಕೆಲಸ. ಸ್ಥಾನ ಬಿಟ್ಟರೆ ಅದೇ ದಿನ ಇನ್ನೊಬ್ಬರು ಬರುತ್ತಾರೆ.

ಕ್ರಾಸಿಂಗ್ ಶುರುವಾದದ್ದು ಅಕ್ಟೋಬರ್ ಹದಿಮೂರು, ಸೋಮವಾರ. ನಲವತ್ತೆರಡು ಸಾಲು, ಒಬ್ಬೊಬ್ಬರಿಗೆ ಮೂರು. ಅವ್ವನವು ಹದಿಮೂರು, ಹದಿನಾಲ್ಕು, ಹದಿನೈದು. ಮೊದಲ ವಾರ ಆರು ದಿನವೂ ಅವ್ವ ಎಲ್ಲರಿಗಿಂತ ಕೊನೆಗೆ ಹೊರಬಂದಳು. ಗುಂಪಿನ ಮುಂದಾಳು ಅವ್ವನ ದೊಡ್ಡಮ್ಮನ ಮಗಳು, ನನಗೆ ದೊಡ್ಡವ್ವ. ಅವಳು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಏನ ತಂಗೀ, ಮೊಗ್ಗಿಗೆ ಜಡಿ ಹಾಕಾಕತ್ತೀ ಏನ? ಹೊತ್ತ ಮುಳುಗಾಕ ಬಂತು."

"ಬಂದ್ಯಾ ಯಕ್ಕಾ, ಇನ್ನ ಎರಡ ಗಿಡ."

"ಎರಡ ಗಿಡ ಅಂತ ಆಗಳೇ ಹೇಳೀದಿ. ಅಷ್ಟರಾಗ ಕಾಯಾಗಿ ಹಣ್ಣಾದಾವು ನೋಡ."

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಎರಡನೆಯ ವಾರದಿಂದ ಅವ್ವ ಎಲ್ಲರ ಜೊತೆಗೇ ಹೊರಬರತೊಡಗಿದಳು. ದೀಪಾವಳಿಯ ಹಟ್ಟಿಹಬ್ಬದ ದಿನ ಎಲ್ಲರಿಗಿಂತ ಮೊದಲು ಬಂದಳು. ಕೈಗೆ ರೂಢಿಯಾಯಿತು ಎಂದುಕೊಂಡೆ.

ಎಷ್ಟು ಹೂವಿಗೆ ಎಷ್ಟು ಕಾಯಿ ನಿಂತಿವೆ ಎಂದು ಭಾನುವಾರ ಲೆಕ್ಕ ಹಾಕಲು ಹೊಲದ ಗೌಡರು ನನಗೆ ಹೇಳಿದ್ದರು. ಪ್ರತಿ ಸಾಲಿನ ಮೊದಲ ಐದು ಗಿಡ ನೋಡುತ್ತಿದ್ದೆ. ಮೊದಲ ವಾರದ ಹೂವುಗಳಲ್ಲಿ ಎಲ್ಲರದೂ ಹತ್ತಕ್ಕೆ ಆರರ ಆಸುಪಾಸು, ಅವ್ವನದೂ ಆರು. ನವೆಂಬರ್ ಎರಡರಂದು ಎರಡನೆಯ ವಾರದ ಹೂವು ಎಣಿಸಿದೆ. ಉಳಿದವರದು ಆರು, ಅವ್ವನದು ಒಂಬತ್ತು. ಮೂರೂ ಸಾಲಿಗೆ ಒಂಬತ್ತು. ಕಾಯಿಯೂ ದಪ್ಪ, ಗುಂಡಗೆ. ನಾನು ನಕ್ಷತ್ರ ಹಾಕಿ ಗೌಡರಿಗೆ ತೋರಿಸಿದೆ. ಅವರು ಅವ್ವನಿಗೆ, "ನಿನ್ನ ಕೈಗುಣ ಚೊಲೋ ಐತಿ ಬಿಡ" ಎಂದರು. ಅವ್ವ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಸಂಕೋಚ ಎಂದುಕೊಂಡೆ.

ಈಗ ನವೆಂಬರ್ ಆರಕ್ಕೆ ಬರುತ್ತೇನೆ. ಕಂಪನಿಯ ಫೀಲ್ಡಿನವರು, ಪ್ಲಾಟು ನೋಡಿ ಹೋಗುವ ತರುಣ, ಆ ದಿನ ಬಂದಿದ್ದರು. ಗೌಡರ ಮನೆಯಿಂದ ಚಹಾ ಬಂತು. ಎಲ್ಲರಿಗೂ ಕಾಗದದ ಕಪ್ಪು. ಅವ್ವ ಸಣ್ಣವಳಿದ್ದಾಗ ನಮ್ಮ ಕೇರಿಯವರಿಗೆ ಬೇಲಿಯ ಗೂಟಕ್ಕೆ ಸಿಕ್ಕಿಸಿಟ್ಟ ಬೇರೆ ಲೋಟ ಇದ್ದವಂತೆ, ಕುಡಿದು ತೊಳೆದು ಅಲ್ಲೇ ಸಿಕ್ಕಿಸಬೇಕಿತ್ತು. ಕಾಗದದ ಕಪ್ಪು ಬಂದ ಮೇಲೆ ಆ ಮಾತು ಯಾರೂ ಎತ್ತುವುದಿಲ್ಲ, ಕುಡಿದವರೆಲ್ಲ ಬಿಸಾಡುತ್ತಾರೆ. ಫೀಲ್ಡಿನವರು ಗೌಡರೊಡನೆ ಮಾತಾಡುತ್ತಿದ್ದರು.

"ಕಾಯಿ ಭಾಳ ಹಿಡದ್ವು ಅಂತ ಖುಷಿ ಪಡಬಾರ್ದ್ರಿ ಗೌಡ್ರ. ಬ್ಯಾರೆ ಕಡೆ ಒಂದು ಪ್ಲಾಟಿನಾಗ ನೂರಕ್ಕ ತೊಂಬತ್ತು ಹಿಡದಿದ್ವು. ರೈತ ಊರಿಗೆಲ್ಲ ಪೇಢಾ ಹಂಚಿದ. ಬೀಜ ಟೆಸ್ಟಿಗೆ ಬಿತ್ತಿ ನೋಡಿದ್ರ ಅರ್ಧಕ್ಕರ್ಧ ಸೆಲ್ಫ್. ಬಲತ ಮೊಗ್ಗ ಬಿಡಿಸಿದ್ರು."

"ಪೇಢಾ ಧಾರವಾಡದ್ದ ಏನ್ರಿ?" ಎಂದರು ಗೌಡರು.

"ನಗಬ್ಯಾಡ್ರಿ. ಕೈಯಿಂದ ಕೂಡಿಸಿದ ಹೂವು ನೂರಕ್ಕ ಅರವತ್ತು ಹಿಡದ್ರ ಅದು ಖರೇ ಕ್ರಾಸಿಂಗ್. ತೊಂಬತ್ತು ಹಿಡದ್ರ ಅದು ಹೂವಿನ ಸ್ವಂತ ಕಾರಬಾರ. ಟೆಸ್ಟಿನಾಗ ನೂರು ಗಿಡದಾಗ ಎರಡಕ್ಕಿಂತ ಹೆಚ್ಚು ಬ್ಯಾರೆ ಬಂದ್ರ ನಮ್ಮವರು ಬೀಜದ ಇಡೀ ಲಾಟ್ ವಾಪಸ್ ಹಾಕ್ತಾರ."

ಅಷ್ಟರಲ್ಲಿ ಗೌಡರಿಗೆ ಫೋನ್ ಬಂತು. ನಾಲ್ಕು ದಿನದ ಹಿಂದೆ ನೋಡಿದ ನನ್ನ ನಕ್ಷತ್ರ ಅವರಿಗೆ ನೆನಪಾಗಲಿಲ್ಲ. ನನಗೆ ಆಯಿತು.

ಮರುದಿನ ಸಂಜೆ ಅವ್ವ ಸಾಲಿನಲ್ಲಿ ಮುಂದೆ ಹೋದಂತೆ ನಾನು ಹಿಂದಿನಿಂದ ಹೋಗಿ, ಅವಳು ಬಿಡಿಸಿದ್ದ ಹತ್ತು ಹೂವುಗಳನ್ನು ನೋಡಿದೆ. ಸರಿಯಾದ ಮೊಗ್ಗಿನ ಪಕಳೆ ತಿಳಿ ಹಸಿರುಹಳದಿ ಇರಬೇಕು, ಮುಚ್ಚಿರಬೇಕು. ಹತ್ತರಲ್ಲಿ ಏಳರ ಪಕಳೆ ಪೂರ್ತಿ ಹಳದಿಯಾಗಿ ಬಿಚ್ಚಿಕೊಂಡಿದ್ದವು. ಆಮೇಲೆ ಅವಳ ಕೈ ನೋಡಿದೆ. ಗೊಂಚಲನ್ನು ಹೆಬ್ಬೆರಳಿನಿಂದ ಸವರಿ, ದಪ್ಪನೆಯದು ಸಿಕ್ಕ ಕೂಡಲೇ ಚಿಮಟ ಹಾಕುತ್ತಿದ್ದಳು. ಮುಖ ಗಿಡದ ಕಡೆ ಇತ್ತು, ಕಣ್ಣು ಮಾತ್ರ ಹೂವಿನ ಮೇಲಿರಲಿಲ್ಲ.

ನವೆಂಬರ್ ಎಂಟು, ಶನಿವಾರ, ಬೆಳಿಗ್ಗೆ ಆರಕ್ಕೆ ಇಪ್ಪತ್ತು ನಿಮಿಷ ಇತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ, ತಮ್ಮ ಇನ್ನೂ ಎದ್ದಿರಲಿಲ್ಲ.

"ಅವ್ವಾ, ಮೊಗ್ಗು ನಿನ್ಗ ಕಾಣಸ್ತಾವೇನು?"

"ಕಾಣಲಾರ್ದ ಬಿಡಸ್ತಾರೇನು?"

"ಸೂಜಿಗೆ ದಾರ ನಾ ಪೋಣಸ್ತೇನಿ. ಅಕ್ಕಿಯಾಗಿನ ಹರಳು ನಾ ಆರಸ್ತೇನಿ. ಇದು ಎಂದಿನಿಂದ?"

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಎರಡ ವರ್ಷಾತು. ಹೋದ ವರ್ಷ ಹೆಂಗೋ ನಡೀತು, ಈ ವರ್ಷ ಭಾಳ ಆಗೈತಿ. ದೂರಂದು ಬರೋಬ್ಬರಿ ಕಾಣ್ತೈತಿ. ಗೌಡರ ಹೊಲದಾಗ ಯಾರ ನಿಂತಾರ ಅಂತ ಇಲ್ಲಿಂದ ಹೇಳ್ತೇನಿ. ಹತ್ರಂದು ಮಸಕ ಮಸಕ. ಮೆಣಸಿನಕಾಯಿ ಧೂಳ ಕಣ್ಣಾಗ ಕುಂತೈತಿ, ಅದಕ್ಕ."

"ಮತ್ತ ಮೊಗ್ಗು ಹೆಂಗ ಹಿಡೀತಿ?"

"ಬೆರಳಿಗೆ ತಿಳೀತೈತಿ. ದಪ್ಪನ್ನೂ ಹಿಡದು ಜಗ್ಗಿದ್ರ ಒಮ್ಮೆಲೆ ಬರ್ತಾವು. ಸಣ್ಣೂ ಕೈಗೆ ಸಿಗವಲ್ವು. ಮೊದಲ್ನೇ ವಾರ ಸಣ್ಣೂನ ಹುಡುಕಿ ಹುಡುಕಿ ಬಿಡಸ್ತಿದ್ನಿ, ಎಲ್ಲಾರ ಬಾಯಿಗೆ ಸಿಕ್ನಿ."

"ದಪ್ಪನ್ನೂ ಬಲತಿರ್ತಾವ ಅವ್ವಾ. ನೀ ಜಗ್ಗೂದಕ್ಕಿಂತ ಮೊದಲ ಪುಡಿ ಬಿದ್ದಿರ್ತೈತಿ. ಅವೆಲ್ಲಾ ಸೆಲ್ಫ್."

ಅವಳು ರೊಟ್ಟಿಯನ್ನು ಹಂಚಿನಿಂದ ಬುಟ್ಟಿಗೆ ಹಾಕಿದಳು. ಆಮೇಲೆ, "ಕಾಯಿ ಚೊಲೋ ಹಿಡದಾವಂತ ನೀನ ಬರದೀಯಲ್ಲ" ಎಂದಳು.

"ಅದ ಅದರ ಗುರ್ತಂತ. ನನಗೂ ಗೊತ್ತಿರಲಿಲ್ಲ."

"ನಲವತ್ತೆರಡ ಸಾಲಿನಾಗ ಮೂರು. ಬೀಜ ಎಲ್ಲಾ ಒಂದ ಡ್ರಮ್ಮಿಗೆ ಬೀಳ್ತಾವು. ಯಾರಿಗೆ ತಿಳೀತೈತಿ?"

ಆ ಲೆಕ್ಕವನ್ನು ನಾನು ಹಿಂದಿನ ದಿನವೇ ಮಾಡಿದ್ದೆ. ಮೂರು ಸಾಲೆಂದರೆ ಹದಿನಾಲ್ಕರಲ್ಲಿ ಒಂದು ಪಾಲು, ನೂರಕ್ಕೆ ಏಳು. ಅದರಲ್ಲಿ ಹತ್ತಕ್ಕೆ ಏಳು ಸೆಲ್ಫ್ ಆದರೆ ಒಟ್ಟು ನೂರಕ್ಕೆ ಐದು. ಕಂಪನಿಯ ಮಿತಿ ಎರಡು. ಲಾಟು ವಾಪಸ್ ಬಂದರೆ ಗೌಡರು ಬರುವ ವರ್ಷ ಬೇರೆ ಊರಿನ ಗುಂಪು ಕರೆಸುತ್ತಾರೆ. ಹಾಗಾದರೆ ಹೋಗುವುದು ಅವ್ವನ ಸ್ಥಾನ ಒಂದೇ ಅಲ್ಲ, ಹದಿನಾಲ್ಕೂ. ಇದನ್ನು ಅವಳಿಗೆ ಹೇಳಿದೆ.

"ಹೇಳಿದ್ರ ನಾ ನಾಳೆ ಎಲ್ಲಿಗೆ ಹೋಗ್ಲಿ?"

ಆ ದಿನ ಇಬ್ಬರೂ ಕೆಲಸಕ್ಕೆ ಹೋದೆವು. ಅವ್ವ ಸಣ್ಣ ಮೊಗ್ಗು ಹುಡುಕಿದಳು, ಮತ್ತೆ ಕೊನೆಗೆ ಹೊರಬಂದಳು. ಯಾರಾದರೂ ಕೇಳುವ ಮೊದಲೇ ತಲೆನೋವು ಎಂದಳು.

ಭಾನುವಾರ ಮಧ್ಯಾಹ್ನ ಅವ್ವ ತಾನೇ ದೊಡ್ಡವ್ವನ ಮನೆಗೆ ಹೊರಟಳು. ನನ್ನನ್ನು ನೋಟ್‌ಬುಕ್ ಹಿಡಿದುಕೊಂಡು ಬಾ ಎಂದಳು. ದೊಡ್ಡವ್ವ ಬಾಗಿಲಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳು. ದೊಡ್ಡವ್ವ ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಎದ್ದು ಹೋಗಿ ಉಗುಳಿ ಬಂದಳು.

"ನಾ ಮೊಗ್ಗ ಬಿಡಿಸಿದ್ದು ನೋಡೀ ಏನ ಈ ಎರಡ ವರ್ಷದಾಗ?"

ಅವ್ವ ಯೋಚಿಸಿದಳು. "ಇಲ್ಲ. ನೀ ಮುಂದಾಳು."

"ಮುಂದಾಳು ಯಾಕಾದ್ನಿ? ನನಗೂ ಕಾಣವಲ್ದು. ಕೂಗಾಡಾಕ ಕಣ್ಣ ಬೇಕಾಗೂದಿಲ್ಲ, ಬಾಯಿದ್ರ ಸಾಕು." ಅವಳು ನನ್ನ ಕಡೆ ತಿರುಗಿದಳು. "ಇದನ್ನ ಬರಕೋಬ್ಯಾಡ ಮತ್ತ."

ಆಗ ಬರೆದುಕೊಳ್ಳಲಿಲ್ಲ. ಈಗ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಸೋಮವಾರ, ನವೆಂಬರ್ ಹತ್ತು, ಬೆಳಿಗ್ಗೆ ಏಳಕ್ಕೆ ಮೂವರೂ ನೆಟ್ ಹೌಸಿನ ಬಾಗಿಲಲ್ಲಿ ಗೌಡರಿಗೆ ಹೇಳಿದೆವು. ಗೌಡರು ಕೆಟ್ಟ ಮನುಷ್ಯರಲ್ಲ. ಆದರೆ ಆ ದಿನ ಅವರ ಮುಖ ಕೆಂಪಾಯಿತು.

"ನಿಮ್ಮ ಮಂದೀನ ನಂಬಿ ಕುಂತ್ರ ಹಿಂಗ ಆಗೂದು."

"ನಮ್ಮ ಮಂದೀನ ಬಂದು ಹೇಳ್ಯಾರಲ್ರಿ ಗೌಡ್ರ," ಎಂದಳು ದೊಡ್ಡವ್ವ. "ಹೇಳದ ಇದ್ರ ನಿಮಗ ಟೆಸ್ಟ್ ಆದಮ್ಯಾಲ ತಿಳೀತಿತ್ತು."

ಗೌಡರು ಮೂರು ಸಾಲನ್ನೂ ಬೇರು ಸಮೇತ ಕಿತ್ತುಬಿಡೋಣ ಎಂದರು. ನಾನು ನೋಟ್‌ಬುಕ್ ತೆಗೆದೆ. ಮೊದಲ ವಾರದ ಹೂವು ಸರಿ ಇವೆ, ಅವು ಎಲ್ಲಕ್ಕಿಂತ ಕೆಳಗಿನ ಗೊಂಚಲಿನಲ್ಲಿವೆ. ಅಕ್ಟೋಬರ್ ಇಪ್ಪತ್ತರಿಂದ ಈಚಿನವು ಅದರ ಮೇಲಿನ ಗೊಂಚಲುಗಳು. ಮೇಲಿನವನ್ನು ಮಾತ್ರ ತೆಗೆದರೆ ಸಾಕು, ಗಿಡದಲ್ಲಿ ಇನ್ನೂ ಹೂವು ಬರುತ್ತವೆ. ಅವರು ನನ್ನ ಪುಟವನ್ನು ಎರಡು ಸಲ ಓದಿ ತಲೆ ಆಡಿಸಿದರು.

ಕೀಳುವ ಕೆಲಸ ಅವ್ವನೇ ಮಾಡಿದಳು. ಇಡೀ ನೆಟ್ ಹೌಸಿನಲ್ಲಿ ನೋಡಲು ಚೆಂದದ ಕಾಯಿಗಳೆಂದರೆ ಅವೇ. ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು, ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. ಕಾಯಿ, ಪೀಚು, ಹೂವು ಎಲ್ಲ ಸೇರಿ ಸಾವಿರದ ಎಂಟುನೂರ ಮೂವತ್ತೇಳು. ಪಕ್ಕದ ಸಾಲಿನ ತಾಂಡಾದ ಹೆಂಗಸು ತನ್ನ ಕೆಲಸ ಬಿಟ್ಟು ಬಂದು ಬುಟ್ಟಿಗೆ ಕೈ ಹಚ್ಚಿದಳು. ಮರುದಿನ ಹದಿಮೂರು, ಹದಿನಾಲ್ಕು, ಹದಿನೈದನೆಯ ಸಾಲುಗಳಿಗೆ ನಮ್ಮ ಎದುರು ಮನೆಯ ಸೊಸೆ ಬಂದಳು. ಅವಳಿಗೆ ಇಪ್ಪತ್ತೆರಡು.

ನವೆಂಬರ್ ಹನ್ನೆರಡು, ಬುಧವಾರ. ಅವ್ವನನ್ನು ಹಾವೇರಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸಿದ್ದು ಒಂಬತ್ತೂವರೆಗೆ, ಕರೆದದ್ದು ಹನ್ನೆರಡೂಕಾಲಿಗೆ. ಅಕ್ಷರ ಬಾರದವರಿಗೆ ಬೇರೆ ಹಲಗೆ ಇತ್ತು. ಗುರುತಿನ ಬಾಯಿ ಯಾವ ಕಡೆ ತೆರೆದಿದೆ ಎಂದು ಕೈಯಲ್ಲಿ ತೋರಿಸಬೇಕು. ದೂರದ್ದನ್ನೆಲ್ಲ ತೋರಿಸಿದಳು. ಹತ್ತಿರದ ಚೀಟಿ ಕೊಟ್ಟಾಗ ಅದನ್ನು ತೋಳುದ್ದ ದೂರ ಹಿಡಿದಳು. ಪರೀಕ್ಷೆ ಮಾಡುತ್ತಿದ್ದ ಡಾಕ್ಟರಮ್ಮ ನಕ್ಕರು.

"ಕಣ್ಣಿಗೆ ರೋಗ ಏನೂ ಇ​ಲ್ಲಮ್ಮ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಹೀಗೇ. ನನಗೂ ಇದೆ ನೋಡಿ" ಎಂದು ತಮ್ಮ ಕನ್ನಡಕ ತೋರಿಸಿದರು.

"ಮೆಣಸಿನಕಾಯಿ ಧೂಳಲ್ಲೇನ್ರಿ?"

"ಅಲ್ಲ. ವಯಸ್ಸು."

ಹೊರಗೆ ಬಂದ ಮೇಲೆ ಅವ್ವ ಬಹಳ ಹೊತ್ತು ಅದನ್ನೇ ಹೇಳಿದಳು. ಎರಡು ವರ್ಷ ಅವಳು ಅದನ್ನು ಬ್ಯಾಡಗಿಯ ಧೂಳಿನ ಪಾಲಿಗೆ ಹಾಕಿದ್ದಳು. ಚಾಳೀಸು, ಅಂದರೆ ಹತ್ತಿರದ್ದನ್ನು ನೋಡುವ ಕನ್ನಡಕ, ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಹದಿನೈದು ನಿಮಿಷದಲ್ಲಿ ಸಿಕ್ಕಿತು. ಹಾಕಿಕೊಂಡು ಮೊದಲು ತನ್ನ ಅಂಗೈ ನೋಡಿದಳು, ಆಮೇಲೆ ನನ್ನ ಮುಖ.

"ನಿನ್ನ ಗದ್ದದ ಮ್ಯಾಲ ಎರಡ ಕೂದಲ ಅದಾವಲ್ಲ."

"ಮೂರು," ಎಂದೆ.

ಗುರುವಾರ ಚಾಳೀಸು ಹಾಕಿಕೊಂಡು ಕೆಲಸ ಕೇಳಲು ಹೋದಳು. ಹೆಂಗಸರು ಬಿಡಲಿಲ್ಲ.

"ಅಕ್ಕೋರು ಬಂದ್ರು, ಎದ್ದ ನಿಂದರ್ರೇ."

"ಪಾಠ ಓದಸ್ರಿ ಬಾಯಾರ, ಬಾಯಿಪಾಠ ಮಾಡೀವಿ."

ಗೌಡರು ಒಂದು ತಾಸು ನೋಡೋಣ ಎಂದರು. ನಾನು ಗಡಿಯಾರ ನೋಡಿ ಎಣಿಸಿದೆ. ಅವ್ವ ಬಿಡಿಸಿದ ಮೊಗ್ಗುಗಳಲ್ಲಿ ಒಂದೂ ಬಲಿತದ್ದಲ್ಲ, ಎಲ್ಲವೂ ಸರಿ. ಆದರೆ ಸಂಖ್ಯೆ ಮೂವತ್ತೆಂಟು. ಉಳಿದವರದು ನೂರರ ಮೇಲೆ. ನೆಟ್ ಹೌಸಿನ ಒಳಗಿನ ಸೆಕೆಗೆ ಗಾಜು ಮತ್ತೆ ಮತ್ತೆ ಮಸುಕಾಯಿತು, ಬಗ್ಗಿದಾಗಲೆಲ್ಲ ಬೆವರಿಗೆ ಜಾರಿತು. ಒರೆಸುವುದು, ಹಾಕಿಕೊಳ್ಳುವುದು, ಒರೆಸುವುದು. ಹಿಂದೆ ದಾರ ಕಟ್ಟಿ ನೋಡಿದೆವು, ಮಸುಕು ಹೋಗಲಿಲ್ಲ. ಗೌಡರು, "ನಾ ಏನ ಮಾಡ್ಲಿ ಹೇಳ?" ಎಂದರು. ಅವರು ಅದನ್ನು ಕೇಳಿದ್ದು ನನ್ನನ್ನು, ಏಕೆಂದರೆ ಎಣಿಸಿದವಳು ನಾನು. ಮೂವತ್ತೆಂಟು ಎಂದು ನಾನೇ ಬರೆದಿದ್ದೆ.

ಶುಕ್ರವಾರ ಅವ್ವ ಬ್ಯಾಡಗಿಗೆ ಹೋಗುವ ಟೆಂಪೋದವನನ್ನು ವಿಚಾರಿಸಿ ಬಂದಳು. ಸೋಮವಾರದಿಂದ ಜಾಗ ಇದೆಯಂತೆ. ಹಳೆಯ ಸೀರೆ ಹರಿದು ಮೂಗಿಗೆ ಕಟ್ಟಿಕೊಳ್ಳಲು ಎರಡು ತುಂಡು ಮಾಡಿದಳು. ಅದನ್ನು ನೋಡಿ ಅಪ್ಪ ಊಟಕ್ಕೆ ಕೂರಲಿಲ್ಲ.

ಉಪಾಯ ತೆಗೆದದ್ದು ದೊಡ್ಡವ್ವ. ಶನಿವಾರ ಗೌಡರ ಹೆಂಡತಿ ಪುಡಿಯ ಡಬ್ಬಿ ತಂದುಕೊಡಲು ನೆಟ್ ಹೌಸಿಗೆ ಬಂದಿದ್ದರು. ಗಂಡು ಗಿಡದ ಹೂವುಗಳಿಂದ ಪುಡಿ ತೆಗೆಯುವ ಕೆಲಸ ಅವರದೇ. ಹಳದಿ ಕೊಳವೆಗಳನ್ನು ಬಿಡಿಸಿ, ಒಂದು ಪೆಟ್ಟಿಗೆಯಲ್ಲಿ ಹರಡಿ, ಬಲ್ಬಿನ ಕಾವಿಗೆ ಒಣಗಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಕುಳಿತು ಮಾಡುವ ಕೆಲಸ. ಸೆಕೆ ಇಲ್ಲ, ಅವಸರ ಇಲ್ಲ, ಚಾಳೀಸು ಜಾರುವುದಿಲ್ಲ.

"ಅಕ್ಕಾರ, ಮನೀ ಕೆಲಸ, ದನದ ಕೆಲಸ, ಮ್ಯಾಲ ಈ ಪುಡಿ ಕೆಲಸ. ಎಷ್ಟಂತ ಮಾಡ್ತೀರಿ? ನಮ್ಮ ತಂಗಿಗೆ ಕೊಡ್ರಿ. ಮೊಗ್ಗು ಕೆಟ್ಟಿದ್ದ ಮೊದ್ಲ ಹೇಳಿದಾಕಿ ಆಕಿ. ಪುಡಿ ಕೆಟ್ರೂ ಆಕೀನ ಹೇಳ್ತಾಳ."

ಗೌಡರ ಹೆಂಡತಿ ಗಂಡನ ಮುಖ ನೋಡಿದರು. ಪೆಟ್ಟಿಗೆ ಇದ್ದದ್ದು ಅವರ ಮನೆಯ ಒಳಕೋಣೆಯಲ್ಲಿ, ಅಡುಗೆಮನೆಯ ಪಕ್ಕಕ್ಕೆ. ನಮ್ಮ ಕೇರಿಯವರು ಆ ಮನೆಯಲ್ಲಿ ದನ ಕಟ್ಟುವ ಜಾಗದವರೆಗೆ ಹೋಗುತ್ತಾರೆ. ಅದರಾಚೆ ಹೋದವರು ನನ್ನ ತಿಳಿವಳಿಕೆಯಲ್ಲಿ ಯಾರೂ ಇಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ. ಗೌಡರು, "ಟ್ರ್ಯಾಕ್ಟರ್ ಶೆಡ್ಡಿಗೆ ಒಂದು ವಾಯರ್ ಎಳಸ್ತೇನಿ" ಎಂದರು.

ನವೆಂಬರ್ ಹದಿನೇಳು, ಸೋಮವಾರ, ಅವ್ವ ಬ್ಯಾಡಗಿಯ ಟೆಂಪೋ ಹತ್ತಲಿಲ್ಲ. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತಳು. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ನಸುಕಿನಲ್ಲಿ ಗಾಳಿ ಎದ್ದು ಪೆಟ್ಟಿಗೆಯ ಮುಚ್ಚಳ ಹಾರಿ, ಆ ದಿನದ ಪುಡಿಯೆಲ್ಲ ಮಣ್ಣು ಪಾಲಾಯಿತು. ಬೆಳಿಗ್ಗೆ ಹದಿನಾಲ್ಕು ಹೆಂಗಸರೂ ಖಾಲಿ ಉಂಗುರ ಹಾಕಿಕೊಂಡು ಕುಳಿತಿದ್ದರು. ಏನಾಯಿತು ಎಂದು ಯಾರೂ ಕೇಳುವ ಮೊದಲೇ ಅವ್ವ ಹೋಗಿ ಗೌಡರ ಹೆಂಡತಿಗೆ ಹೇಳಿದಳು. ಅವರು ಶೆಡ್ಡಿಗೆ ಬಂದು, ಹಾರಿಬಿದ್ದ ಮುಚ್ಚಳ ಎತ್ತಿಕೊಂಡರು.

"ಪೆಟಗಿ ಒಳಗ ಇರಲಿ. ಇಡೂದು ತೆಗಿಯೂದು ನಾ ಮಾಡ್ತೇನಿ. ನೀ ಪಡಸಾಲಿ ಕಟ್ಟಿ ಮ್ಯಾಲ ಕುಂತ ಬಿಡಸು, ಸೋಸು. ಅಲ್ಲಿ ಗಾಳಿ ಬರೂದಿಲ್ಲ."

"ಕಟ್ಟಿ ಮ್ಯಾಲೇನ್ರಿ ಅಕ್ಕಾರ?" ಎಂದಳು ಅವ್ವ.

"ಮತ್ತ ಕೆಳಗ ಕುಂತ್ರ ಕೋಳಿ ತಿಂತಾವು."

ಅಲ್ಲಿಂದ ಕ್ರಾಸಿಂಗ್ ಮುಗಿಯುವವರೆಗೆ, ಡಿಸೆಂಬರ್ ಆರರ ತನಕ, ಅವ್ವ ಆ ಕಟ್ಟೆಯ ಮೇಲೆ ಕುಳಿತು ಪುಡಿ ಸೋಸಿದಳು. ಹೊಸ್ತಿಲು ಅವಳ ಬೆನ್ನಿನಿಂದ ಮೂರು ಅಡಿ. ಪೆಟ್ಟಿಗೆ ಒಳಗಿನಿಂದ ಬರುತ್ತಿತ್ತು, ಒಳಕ್ಕೆ ಹೋಗುತ್ತಿತ್ತು. ಆ ಮೂರು ಅಡಿಯನ್ನು ಅವಳೂ ದಾಟಲಿಲ್ಲ, ಯಾರೂ ದಾಟು ಎನ್ನಲೂ ಇಲ್ಲ.

ಮೇ ಹತ್ತೊಂಬತ್ತರಂದು ಫೀಲ್ಡಿನವರು ಫೋನ್ ಮಾಡಿ ಲಾಟು ಪಾಸಾಯಿತು ಎಂದರು. ಸೆಪ್ಟೆಂಬರಿನಲ್ಲಿ ಗೌಡರು ಹೊಸ ಹಂಗಾಮಿಗೆ ಹೇಳಿಕಳಿಸಿದಾಗ ದೊಡ್ಡವ್ವ ನನ್ನ ಕೈಯಲ್ಲಿ ಪಟ್ಟಿ ಬರೆಸಿದಳು. ಸಾಲಿಗೆ ಹದಿನಾಲ್ಕು ಜನ. ಕೆಳಗೆ ಒಂದು ಗೆರೆ ಎಳೆದು, ಪುಡಿಗೆ ಒಬ್ಬಾಕಿ ಎಂದು ಬರೆಸಿದಳು. ಅದು ಅವ್ವ. ಹೀಗೆ ಈ ವರ್ಷ ಅವಳು ಬ್ಯಾಡಗಿಗೆ ಹೋಗುವುದು ತಪ್ಪಿತು.

ಪಟ್ಟಿ ಬರೆಯುವಾಗ ವಯಸ್ಸಿನ ಕಾಲಂ ಮತ್ತೆ ಕಣ್ಣಿಗೆ ಬಿತ್ತು. ಮೊದಲು ಕ್ರಾಸಿಂಗ್ ಮಾಡುತ್ತಿದ್ದು ಈಗ ಮಾಡದವರು ನಮ್ಮ ಕೇರಿ, ತಾಂಡಾ, ಬೇಡರ ಓಣಿ ಸೇರಿ ಇಪ್ಪತ್ತಮೂರು ಜನ ಸಿಕ್ಕರು. ಯಾಕೆ ಬಿಟ್ಟಿರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಸೊಂಟ ಎಂದವರು ಐದು. ಮನೆಯ ಕಾರಣ ಹೇಳಿದವರು ನಾಲ್ಕು. ಕಣ್ಣು ಎಂದವರು ಮೂವರು. ಉಳಿದ ಹನ್ನೊಂದು ಜನ ಹೇಳಿದ್ದು ಒಂದೇ ಮಾತು. "ಕರೀಲಿಲ್ಲ." ಯಾಕೆ ಕರೆಯಲಿಲ್ಲ ಎಂದು ಅವರಿಗೆ ಗೊತ್ತಿಲ್ಲ, ಕೇಳಿಲ್ಲ. ಆ ಹನ್ನೊಂದು ಜನರ ಕೈಗೆ ಸೂಜಿ, ದಾರ ಕೊಟ್ಟೆ. ಒಂಬತ್ತು ಜನಕ್ಕೆ ಪೋಣಿಸಲಾಗಲಿಲ್ಲ. ಅವರಲ್ಲಿ ಏಳು ಜನ ಈಗ ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುತ್ತಾರೆ. ತೊಟ್ಟು ಬಿಡಿಸಲು ಹತ್ತಿರದ ಕಣ್ಣು ಬೇಕಿಲ್ಲ.

ಇದು ಒಂದು ಊರಿನ ಲೆಕ್ಕ, ನಾನೊಬ್ಬಳೇ ತೆಗೆದದ್ದು. ಸುತ್ತಲಿನ ಬೇರೆ ಊರುಗಳಲ್ಲಿ, ಹಾವೇರಿ ಮತ್ತು ಬ್ಯಾಡಗಿ ಕಡೆಯ ಪ್ಲಾಟುಗಳಲ್ಲಿ, ಹೆಂಗಸರು ಎಷ್ಟನೆಯ ವಯಸ್ಸಿಗೆ ಹೂವಿನ ಕೆಲಸದಿಂದ ಹೊರಬೀಳುತ್ತಾರೆ, ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದು ನನಗೆ ತಿಳಿಯದು. ಸೆಕೆಯಲ್ಲಿ ಮಸುಕಾಗದ ಗಾಜು ಎಲ್ಲಾದರೂ ಸಿಗುತ್ತದೆಯೇ ಎಂಬುದೂ ತಿಳಿಯದು. ಗೊತ್ತಿದ್ದವರು ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ಬರೆಯಬೇಕು. ಬರೆಯಲು ಬಾರದವರಿದ್ದರೆ ಮಕ್ಕಳ ಕೈಯಲ್ಲಿ ಬರೆಸಿರಿ. ಕೆಲಸ ಬಿಟ್ಟ ಇಸವಿ ನೆನಪಿಲ್ಲದಿದ್ದರೆ ಯಾವ ಮಗು ಹುಟ್ಟಿದ ವರ್ಷ, ಯಾರ ಮದುವೆಯಾದ ವರ್ಷ ಎಂದು ತಿಳಿಸಿದರೂ ಸಾಕು, ಕೇಳಿ ಕೂಡಿಸಿಕೊಳ್ಳುತ್ತೇನೆ.